ಪರಸಿಹಾಳದ ತಡವಾದ ದೀಪಗಳು

ಮಗುವಿಗೆ ಪಾಠ ತಿಳಿದ ಗಳಿಗೆಯನ್ನು ಯಂತ್ರವೊಂದು ಹಿಡಿದು ತೋರಿಸುವಂತಾದರೆ ಹೇಗೆ? ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಯಾವ ಶಿಕ್ಷಕಿಯನ್ನು ಕೇಳಿದರೂ ಬೇಡ ಎನ್ನುವುದಿಲ್ಲ. "ತಿಳೀತಾ?" ಅಂದರೆ "ತಿಳೀತ್ರೀ" ಎಂದು ಒಂದೇ ರಾಗದಲ್ಲಿ ಕೂಗುವ ಮಕ್ಕಳಲ್ಲಿ ಯಾರಿಗೆ ನಿಜಕ್ಕೂ ತಿಳಿದಿದೆ, ಯಾರು ಊಟದ ಗಂಟೆಯ ದಾರಿ ಕಾಯುತ್ತಿದ್ದಾರೆ ಎಂಬುದು ಶಿಕ್ಷಣ ಇಲಾಖೆಯ ಯಾವ ಸಾಹೇಬರಿಗೂ ಈವರೆಗೆ ಗೊತ್ತಾಗಿರಲಿಲ್ಲ. ಹಾಗಾಗಿ ೨೦೫೮ರ ಜೂನ್ ತಿಂಗಳಲ್ಲಿ ಅರಿವುಪಾಟಿಗಳ ಪೆಟ್ಟಿಗೆ ಬಂದಿಳಿದಾಗ, ಪರಸಿಹಾಳದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಗದೇವಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳು. ಊರಿನವರ ಬಾಯಲ್ಲಿ ಅವಳು ಜಗದೇವಿ ಅಕ್ಕೋರು. ಆರನೇ ತರಗತಿಯ ಇಪ್ಪತ್ತೆರಡು ಮಕ್ಕಳು ಅವಳವು.

ಪಾಟಿ ನೋಡಲು ಹಳೆಯ ಕಾಲದ ಸ್ಲೇಟಿನಂತೆಯೇ ಇತ್ತು. ಕೆಳಗಿನ ಅಂಚಿನಲ್ಲಿ ಬೆಳ್ಳಿಬಣ್ಣದ ಒಂದು ಪಟ್ಟಿ. ಬರೆಯುವಾಗ ಮಗುವಿನ ಇನ್ನೊಂದು ಅಂಗೈ ಅದರ ಮೇಲೆ ಕೂರಬೇಕು. ಪಟ್ಟಿ ನಾಡಿ ನೋಡುತ್ತದೆ, ಬೆವರು ನೋಡುತ್ತದೆ, ಅಂಗೈ ಎಷ್ಟು ಬಿಗಿಯಾಗಿ ಒತ್ತಿದೆ ಎಂದು ನೋಡುತ್ತದೆ. ಹೊಸ ವಿಷಯದ ಜೊತೆ ಗುದ್ದಾಡುವಾಗ ಮೈ ಬಿಗಿಯಾಗಿರುತ್ತದಂತೆ. ಅದು ಹೊಳೆದ ಕೂಡಲೇ ಮೈ ಒಂಚೂರು ಸಡಿಲಾಗಿ, ಮಿಡಿತ ನಿಧಾನವಾಗಿ, ಮಗು ತನಗೇ ಗೊತ್ತಿಲ್ಲದಂತೆ ಒಂದು ಉಸಿರು ಬಿಡುತ್ತದಂತೆ. ಐವತ್ತು ಸಾವಿರ ಮಕ್ಕಳ ಅಂಗೈ ನೋಡಿ ಕಲಿತ ಯಂತ್ರಕ್ಕೆ ಆ ಸಡಿಲಿಕೆ ಕಂಡ ತಕ್ಷಣ ಪಾಟಿಯ ಮೂಲೆಯಲ್ಲಿ ಜೋಳದ ಕಾಳಿನಷ್ಟು ಹಸಿರು ದೀಪ ಹೊತ್ತುತ್ತದೆ. ಬಾಯಿಂದ ಸುಳ್ಳು ಹೇಳಬಹುದು, ಅಂಗೈಯಿಂದ ಹೇಳಲು ಬರುವುದಿಲ್ಲ.

ಮೊದಲ ವಾರದಲ್ಲೇ ಜಗದೇವಿ ಪಾಟಿಗೆ ಸೋತುಹೋದಳು. ವರ್ಷಗಟ್ಟಲೆ ತಲೆ ಅಲ್ಲಾಡಿಸುತ್ತ ಕೂತಿದ್ದ ಒಬ್ಬ ಹುಡುಗನಿಗೆ ಗುಣಾಕಾರವೇ ಬರುವುದಿಲ್ಲ ಎಂಬುದು, ದೀಪ ಹೊತ್ತದಿದ್ದಾಗ ಒಬ್ಬೊಬ್ಬರನ್ನೇ ವಿಚಾರಿಸಿ ನೋಡಿದ್ದರಿಂದ ಗೊತ್ತಾಯಿತು. ಅವನನ್ನು ಎದುರಿಗೆ ಕೂರಿಸಿಕೊಂಡು ಎರಡೇ ದಿನದಲ್ಲಿ ಸರಿಮಾಡಿದಳು. ಯಂತ್ರ ಬಂದರೆ ಶಿಕ್ಷಕರ ಹೊಟ್ಟೆ ಉರಿಯುತ್ತದೆ ಎಂದು ಟೀವಿಯಲ್ಲಿ ಕೂತು ಮಾತಾಡುವವರನ್ನು ಕಂಡರೆ ಅವಳಿಗೆ ನಗು ಬರುತ್ತಿತ್ತು. ಒಳ್ಳೆಯ ಸಾಮಾನನ್ನು ಬೇಡ ಎನ್ನುವುದಕ್ಕೆ ಅವಳಿಗೇನು ಹುಚ್ಚೇ?

ತೊಂದರೆ ಪಾಟಿಯದಲ್ಲ, ಪಾಟಿಯ ಜೊತೆ ಬಂದ ನಿಯಮದ್ದು. ತರಗತಿಯಲ್ಲಿ ಐದರಲ್ಲಿ ನಾಲ್ಕು ಪಾಲು ದೀಪ ಹೊತ್ತಿದರೆ ಗೋಡೆಯ ಮೇಲಿನ ಪೆಟ್ಟಿಗೆ ಗಂಟೆ ಬಾರಿಸುತ್ತದೆ, ಶಿಕ್ಷಕರು ಮುಂದಿನ ವಿಷಯಕ್ಕೆ ಹೋಗಬೇಕು. ಒಂದೊಂದು ವಿಷಯಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕ ಕಲಬುರಗಿಯ ಅರಿವು ಕೇಂದ್ರಕ್ಕೆ ಹೋಗುತ್ತದೆ. ಮೂರು ತಿಂಗಳ ಸರಾಸರಿ ಆರು ನಿಮಿಷ ದಾಟಿದರೆ ಆ ಶಾಲೆಯ ಶಿಕ್ಷಕರಿಗೆ ಬೇರೆಡೆ ವರ್ಗ, ಮಕ್ಕಳಿಗೆ ಪರದೆ ಪಾಠ. ಅಂದರೆ ಕೇಂದ್ರದಿಂದ ಬರುವ ಒಂದೇ ಮುಖ, ಒಂದೇ ದನಿ, ನೂರಾರು ಊರುಗಳಿಗೆ. ಬಾಗಿಲು ತೆಗೆಯಲು, ಗದ್ದಲವಾಗದಂತೆ ನೋಡಿಕೊಳ್ಳಲು ಒಬ್ಬ ಸಹಾಯಕಿ.

ಪರಸಿಹಾಳದ ಸರಾಸರಿ ಹನ್ನೊಂದು ನಿಮಿಷ.

ಅದಕ್ಕಿಂತ ವಿಚಿತ್ರದ ಸಂಗತಿ ಇನ್ನೊಂದಿತ್ತು. ಬೇರೆ ಶಾಲೆಗಳಲ್ಲಿ ದೀಪಗಳು ಅಲ್ಲೊಂದು ಇಲ್ಲೊಂದು ಹೊತ್ತುತ್ತ ಹೋಗುತ್ತಿದ್ದವು. ಇಲ್ಲಿ ಹತ್ತು ನಿಮಿಷ ಒಂದೂ ಹೊತ್ತುತ್ತಿರಲಿಲ್ಲ. ಆಮೇಲೆ ಇಪ್ಪತ್ತೆರಡೂ ಒಟ್ಟಿಗೆ, ಎರಡು ಸೆಕೆಂಡಿನ ಒಳಗೆ, ಯಾರೋ ಗುಂಡಿ ಒತ್ತಿದ ಹಾಗೆ ಹೊತ್ತುತ್ತಿದ್ದವು. ಸೆಪ್ಟೆಂಬರಿನ ಮೊದಲ ವಾರ ಕೇಂದ್ರದಿಂದ ಪತ್ರ ಬಂತು. ಪಾಟಿಗಳನ್ನು ತಿದ್ದಿರುವ ಅನುಮಾನವಿದೆ. ಕೇಂದ್ರವೇ ಆರಿಸಿದ ನಾಲ್ವರು ವಿದ್ಯಾರ್ಥಿಗಳೊಂದಿಗೆ ಬರುವ ಸೋಮವಾರ ಹಾಜರಾಗಬೇಕು. ಪರೀಕ್ಷೆಯ ಮೇಲೆ ಅಂತಿಮ ತೀರ್ಮಾನ ಎಂದು ಅದರಲ್ಲಿತ್ತು. ಆರಿಸಿದವರಲ್ಲಿ ತರಗತಿಯ ಅತಿ ಚುರುಕಿನ ರೇಷ್ಮಾ ಇದ್ದಳು, ಶಿವಲೀಲಾ ಮತ್ತು ಮಲ್ಕಪ್ಪ ಇದ್ದರು, ಅತಿ ನಿಧಾನದ ಸಾಬಮ್ಮನೂ ಇದ್ದಳು.

'ತಿದ್ದಿರುವ ಅನುಮಾನ' ಎಂಬ ಮಾತನ್ನು ಜಗದೇವಿ ನಾಲ್ಕು ಸಲ ಓದಿದಳು. ಮೈಯೆಲ್ಲ ಉರಿಯಿತು. ಮೂವತ್ತು ವರ್ಷದಲ್ಲಿ ಒಂದು ಮಗುವಿನ ಅಂಕವನ್ನು ಕೂಡ ಆಚೀಚೆ ಮಾಡಿದವಳಲ್ಲ ಅವಳು.

ಆ ಸಂಜೆ ಮನೆಯಲ್ಲಿ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುವಾಗಲೂ ಅವಳ ಕೈ ಒರಟಾಗಿಯೇ ಇತ್ತು. ಅಪ್ಪ ಭೀಮಶಾ ನಲವತ್ತು ವರ್ಷ ಪರಸಿಹಾಳದ ಕಲ್ಲಿನ ಖಣಿಯಲ್ಲಿ ಪರಸಿ ಹೊತ್ತವನು. ನೆಲಕ್ಕೆ ಹಾಸುವ ಆ ತೆಳ್ಳನೆಯ ಕಲ್ಲಿನ ಹಾಳೆಗಳನ್ನು ಕೊಯ್ಯಲು ಈಗ ಯಂತ್ರಗಳಿವೆ, ಎತ್ತಿಡಲು ಮಾತ್ರ ಇವತ್ತಿಗೂ ಮನುಷ್ಯರೇ ಬೇಕು. ಯಂತ್ರ ಎತ್ತಿದರೆ ಸೀಳಿಹೋಗುತ್ತದೆ. ಅಪ್ಪನ ಎಡಗಾಲಿಗೆ ಮೂರೇ ಬೆರಳು.

"ಮೆಲ್ಲಕ್ಕ ತಿಕ್ಕವ್ವ, ಉಳದಿದ್ದು ಮೂರೂ ಕಿತ್ತಗೊಂಡ ಹೋಗ್ತೀಯೇನ?" ಅಂದ ಅಪ್ಪ. "ಏನಾಗ್ಯಾದ ಇವತ್ತ?"

ಜಗದೇವಿ ಹೇಳಿದಳು. ಅಪ್ಪ ಪೂರ್ತಿ ಕೇಳಿ, "ಅಂದ್ರ ನಿನ್ನ ಸಾಲಿ ಹುಡುಗ್ರು ದಡ್ಡರ ಅಂತಾರೇನು ಅವ್ರು?" ಎಂದ.

"ದಡ್ಡರಂದ್ರ ನಡೀತಿತ್ತಪ್ಪ, ಓದಿಸಿ ತೋರಿಸ್ತಿದ್ದೆ. ಕಳ್ಳರಂತ ಅನ್ಲತ್ತಾರ. ಇಪ್ಪತ್ತೆರಡು ದೀಪ ಒಮ್ಮೆಕ್ಕ ಹ್ಯಾಂಗ ಹೊತ್ತತಾವ ಅಂತ ಕೇಳ್ಲತ್ತಾರ. ನನಗರ ಏನು ಗೊತ್ತು?"

ಅಪ್ಪ ತನ್ನ ಕಾಲನ್ನು ನೋಡಿಕೊಂಡ. ಆ ಕಥೆಯನ್ನು ಜಗದೇವಿ ನೂರು ಸಲ ಕೇಳಿದ್ದಾಳೆ, ಆದರೂ ಅವನು ಅಲ್ಲಿಗೇ ಬಂದ. "ನಾಕು ಮಂದಿ ಹೊತ್ತಿದ್ದೆವು. ಮೂರು ಮಂದೀದು ಇಳದಿತ್ತು. ನನ್ನ ಕಾಲು ಇನ್ನಾ ಕಲ್ಲಿನ ಬುಡಕ ಇತ್ತು. ಅವರಾಗ ಒಬ್ಬ ಹೊಸಬ, ತನ್ನ ಮೂಲಿ ಇಳೀತಂತ ಬಿಟ್ಟಬಿಟ್ಟ. ಅವಂದೇನೂ ತಪ್ಪಿಲ್ಲ ತಂಗಿ, ಅವಂದು ಖರೇನ ಇಳದಿತ್ತು. ನನ್ನ ನೋಡಲಿಲ್ಲ, ಅಷ್ಟ." ಆಮೇಲೆ ಮೀಸೆಯಲ್ಲೇ ನಕ್ಕ. "ನಿನ್ನ ಯಂತ್ರಕ್ಕ ಕಾಲೂ ಇಲ್ಲ, ಬೆರಳೂ ಇಲ್ಲ. ಪರಸಿಹಾಳದ ಮಕ್ಕಳ ಸುದ್ದಿ ಅದಕ್ಕೇನು ತಿಳೀತದ?"

ಮುದುಕನ ಮಾತು ಎಂದು ಜಗದೇವಿ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳೆನ್ನಿ.

ಪರಸಿಹಾಳದ ಶಾಲೆಯನ್ನು ಒಂದು ಸಲ ನೋಡಿದರೆ ಅಪ್ಪನ ಮಾತು ಅರ್ಥವಾಗುತ್ತದೆ. ಅಲ್ಲಿ ಮರದ ಬೆಂಚುಗಳಿಲ್ಲ. ಖಣಿಯ ಕೆಲಸಗಾರರು ಒಂದು ಭಾನುವಾರ ಸೇರಿ ಕೊಟ್ಟ ತೆಳ್ಳನೆಯ ಪರಸಿಗಳು, ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಗಿಡ್ಡ ಮೇಜುಗಳು. ಒಂದೊಂದಕ್ಕೆ ಸುತ್ತಲೂ ಮೂರೋ ನಾಲ್ಕೋ ಮಕ್ಕಳು. ಬಿಸಿಯೂಟಕ್ಕೆ ಅದೇ ಕೋಣೆ ಬೇಕಾದ್ದರಿಂದ ದಿನಾ ಮಧ್ಯಾಹ್ನ ಪರಸಿಗಳನ್ನು ಗೋಡೆಗೆ ಸರಿಸಬೇಕು, ಊಟವಾದ ಮೇಲೆ ತಿರುಗಿ ತಂದಿಡಬೇಕು. ನಾಲ್ವರು ಎತ್ತಿ, ನಾಲ್ವರು ನಡೆದು, ನಾಲ್ವರು ಬಗ್ಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ "ನಂದು ಇಳೀತು" ಎಂದು ಕೂಗುತ್ತಾರೆ. ನಾಲ್ಕನೆಯ ದನಿ ಕೇಳುವ ತನಕ ಯಾರೂ ಕೈ ತೆಗೆಯುವಂತಿಲ್ಲ, ಮೈ ಸಡಿಲ ಬಿಡುವಂತಿಲ್ಲ. ಈ ನಿಯಮವನ್ನು ಜಗದೇವಿ ಬರೆದು ಹಚ್ಚಿರಲಿಲ್ಲ. ಆ ಊರಿನಲ್ಲಿ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಪ್ರತಿ ಓಣಿಯಲ್ಲೂ ಒಬ್ಬ ಭೀಮಶಾ ಇದ್ದಾನೆ.

ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನಾಲ್ಕು ಮಕ್ಕಳನ್ನು ಹತ್ತಿಸಿಕೊಂಡು ಜಗದೇವಿ ಕಲಬುರಗಿಗೆ ಹೊರಟಳು. ಮಕ್ಕಳಿಗೆ ಇದು ಪ್ರವಾಸ. ರೇಷ್ಮಾ ಕಿಟಕಿಯ ಹೊರಗೆ ಕಂಡ ಬೋರ್ಡುಗಳನ್ನೆಲ್ಲ ಓದಿ ಹೇಳಿದಳು. ಸಾಬಮ್ಮ ಮಾತ್ರ ಸೀಟಿನ ತುದಿಯಲ್ಲಿ ಕೂತು, "ಅಕ್ಕೋರೆ, ನನ್ನಿಂದ ಸಾಲಿ ಹೋಗ್ತದೇನ್ರಿ?" ಎಂದು ಕೇಳಿದಳು.

"ಯಾರಂದ್ರ ಹಂಗ?"

"ಎಲ್ಲಾರಿಗೂ ಗೊತ್ತದರಿ. ನಾ ಬರೋತನ ಎಲ್ಲಾರೂ ನಿಲ್ಲತಾರ."

ಜಗದೇವಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿನಗ ಬೇಕಾದಷ್ಟು ಹೊತ್ತು ತಗೊ. ಅವಸರ ಮಾಡಿದೆಂದ್ರ ನನ್ನ ಸಿಟ್ಟು ಹೆಂಗದ ಅಂತ ಗೊತ್ತಲ್ಲ?" ಎಂದಳು. ಸಾಬಮ್ಮ ಚೂರು ನಕ್ಕಳು.

ಅರಿವು ಕೇಂದ್ರದ ನಿಯಂತ್ರಣ ಕೋಣೆ ತಂಪಾಗಿತ್ತು. ಒಂದಿಡೀ ಗೋಡೆಯ ಮೇಲೆ ವಿಭಾಗದ ಶಾಲೆಗಳೆಲ್ಲ ಸಾಲುಸಾಲಾಗಿ ಮಿನುಗುತ್ತಿದ್ದವು. ಒಂದೊಂದು ಶಾಲೆಗೆ ಒಂದೊಂದು ಚೌಕ, ಚೌಕದ ತುಂಬ ಹಸಿರು ಚುಕ್ಕೆಗಳು. ಎಷ್ಟೋ ಸಾವಿರ ಮಕ್ಕಳು ಇದೇ ಕ್ಷಣಕ್ಕೆ ಏನನ್ನೋ ತಿಳಿದುಕೊಳ್ಳುತ್ತಿರುವುದನ್ನು ಒಂದೇ ನೋಟಕ್ಕೆ ನೋಡಬಹುದಿತ್ತು. ಜಗಳ ಆಡಲೆಂದೇ ಸೊಂಟ ಕಟ್ಟಿಕೊಂಡು ಬಂದಿದ್ದ ಜಗದೇವಿ ಅದರ ಮುಂದೆ ಒಂದು ನಿಮಿಷ ಬೆರಗಾಗಿ ನಿಂತಳು.

"ಚೆನ್ನಾಗಿದೆ ಅಲ್ವಾ?" ಎಂದು ಹಿಂದಿನಿಂದ ದನಿ ಬಂತು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮೇದಿನಿ. ಅರಿವುಪಾಟಿಯನ್ನು ಕಂಡುಹಿಡಿದ ತಂಡದ ಹಿರಿಯಳು, ಮೈಸೂರಿನ ಕಡೆಯವಳು. ನಲವತ್ತೈದರ ಆಸುಪಾಸು, ಕನ್ನಡಕ, ದಣಿದ ಕಣ್ಣು. ಜಗದೇವಿ ಎಣಿಸಿಕೊಂಡು ಬಂದಿದ್ದ ಗತ್ತಿನ ಅಧಿಕಾರಿ ಇವಳಲ್ಲ.

"ಭಾಳ ಛಂದದರಿ," ಎಂದಳು ಜಗದೇವಿ ಪ್ರಾಮಾಣಿಕವಾಗಿ. "ಆದ್ರ ಕಳ್ಳಿ ಅಂತ ಪತ್ರ ಬರೆದಿರಲ್ಲ, ಅದು ಛಂದಿಲ್ಲ."

ಮೇದಿನಿಯ ಮುಖ ಸ್ವಲ್ಪ ಕೆಂಪಾಯಿತು. "ನಿಮ್ಮನ್ನ ಕಳ್ಳಿ ಅಂತ ಅನ್ಲಿಲ್ಲ ಟೀಚರ್. ಲೆಕ್ಕ ಹಾಗಿದೆ. ಇಪ್ಪತ್ತೆರಡು ಮನಸ್ಸಿಗೆ ಒಂದೇ ಕ್ಷಣಕ್ಕೆ ಹೊಳೆಯೋದು ಅಂದ್ರೆ ನೀವೇ ಯೋಚನೆ ಮಾಡಿ." ಒಂದು ಕುರ್ಚಿ ಎಳೆದು ಕೊಟ್ಟು ತಾನೂ ಕೂತಳು. "ಈ ಪಾಟಿ ನಾನು ಯಾಕೆ ಮಾಡ್ದೆ ಗೊತ್ತಾ? ನಾನೂ ಸರ್ಕಾರಿ ಶಾಲೆನೇ. ಐದನೇ ಕ್ಲಾಸಲ್ಲಿ ಕೊನೇ ಬೆಂಚು. ಭಿನ್ನರಾಶಿ ಶುರುವಾದ ದಿನ ನನಗೆ ಜ್ವರ, ಮಾರನೇ ದಿನ ಬಂದಾಗ ಏನೂ ಅರ್ಥ ಆಗ್ಲಿಲ್ಲ. ಕೇಳೋಕೆ ಹೆದರಿಕೆ. ಎರಡು ವರ್ಷ ಹಾಗೇ ತಲೆ ಆಡಿಸ್ದೆ. ಒಬ್ರೂ ನೋಡ್ಲಿಲ್ಲ. ಆಮೇಲೆ ಅಮ್ಮ ಪಕ್ಕದ್ಮನೆ ಅಕ್ಕನ ಹತ್ರ ಕೂರಿಸಿ ಹೇಳ್ಕೊಡ್ಸಿದ್ರು, ಬಚಾವಾದೆ. ಕೈ ಎತ್ತೋಕೆ ಹೆದರೋ ಆ ಹುಡುಗೀಗೆ ಒಂದು ದೀಪ ಇರ್ಲಿ ಅಂತ ಇದನ್ನ ಮಾಡಿದ್ದು."

ಜಗದೇವಿಯ ಸಿಟ್ಟು ಅರ್ಧ ಇಳಿಯಿತು. ಈ ಹೆಣ್ಣುಮಗಳು ತನ್ನ ಪಾಟಿಯ ಬಗ್ಗೆ ಹೆಮ್ಮೆಪಡುವುದರಲ್ಲಿ ತಪ್ಪೇನಿಲ್ಲ ಎನ್ನಿಸಿತು. ಉಳಿದರ್ಧ ಸಿಟ್ಟನ್ನು ಪರೀಕ್ಷೆಗೆಂದು ಇಟ್ಟುಕೊಂಡಳು.

ಪಕ್ಕದ ಪರೀಕ್ಷೆಯ ಕೋಣೆಯಲ್ಲಿ ಗಾಜಿನ ನಾಲ್ಕು ಗೂಡುಗಳಿದ್ದವು. ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ, ಆದರೆ ಮುಖ ಕಾಣುತ್ತದೆ. ಒಬ್ಬೊಬ್ಬರಿಗೆ ಹೊಚ್ಚ ಹೊಸ ಪಾಟಿ, ಕಾಗದದ ಮೂರು ತ್ರಿಕೋನ: ಒಂದು ಚೂಪು, ಒಂದು ಅಗಲ, ಒಂದು ನೆಟ್ಟಗಿನ ಮೂಲೆಯದು. ಪರದೆಯ ಮೇಲಿನ ದನಿ ಪ್ರಶ್ನೆ ಕೇಳಿತು: ತ್ರಿಕೋನದ ಮೂರು ಮೂಲೆಗಳನ್ನು ಹರಿದು ಒಂದರ ಪಕ್ಕ ಒಂದಿಟ್ಟರೆ ಏನಾಗುತ್ತದೆ? ಎಲ್ಲ ತ್ರಿಕೋನಕ್ಕೂ ಅದು ನಿಜವೇ? ಜಗದೇವಿ ಇದನ್ನು ಇನ್ನೂ ಪಾಠ ಮಾಡಿರಲಿಲ್ಲ. ಅವಳನ್ನು ಗಾಜಿನಾಚೆ ನಿಯಂತ್ರಣ ಕೋಣೆಯಲ್ಲೇ ಮೇದಿನಿಯ ಪಕ್ಕದಲ್ಲಿ, ಮಕ್ಕಳಿಗೆ ಬೆನ್ನು ಮಾತ್ರ ಕಾಣುವಂತೆ ಕೂರಿಸಿದರು. ಎದುರಿನ ಪರದೆಯಲ್ಲಿ ಅವಳಿಗೆ ನಾಲ್ಕೂ ಗೂಡು ಕಾಣುತ್ತಿದ್ದವು.

ರೇಷ್ಮಾ ಎರಡು ನಿಮಿಷದಲ್ಲಿ ಮುಗಿಸಿದಳು. ಮೂರು ಮೂಲೆ ಸೇರಿ ನೇರ ಗೆರೆ ಆಯಿತು, ಅಂದರೆ ಎರಡು ಲಂಬಕೋನ ಎಂದು ದುಂಡಗೆ ಬರೆದಳು. ಉತ್ತರ ಸರಿ. ದೀಪ ಹೊತ್ತಲಿಲ್ಲ. ಮೂರು ನಿಮಿಷಕ್ಕೆ ಶಿವಲೀಲಾ, ಮೂರೂವರೆಗೆ ಮಲ್ಕಪ್ಪ. ಇಬ್ಬರದೂ ಸರಿ. ದೀಪ ಇಲ್ಲ.

"ಇದೇನಿದು?" ಮೇದಿನಿ ಪರದೆಯ ಹತ್ತಿರ ಬಗ್ಗಿದಳು. "ಉತ್ತರ ಬರೆದಾಯ್ತು, ಆದ್ರೆ ಮೈ ಇನ್ನೂ ಬಿಗಿಯಾಗೇ ಇದೆ. ಮಿಡಿತ ನೋಡಿ, ಇಳಿದೇ ಇಲ್ಲ. ಪಾಟಿ ಕೆಟ್ಟಿದೆಯಾ?" ಒಬ್ಬ ತಂತ್ರಜ್ಞ ಒಳಗೆ ಹೋಗಿ ಮೂರೂ ಪಾಟಿ ಬದಲಾಯಿಸಿ ಬಂದ. ಹೊಸವೂ ಕತ್ತಲೆಯಾಗಿಯೇ ಉಳಿದವು.

ಜಗದೇವಿ ಪಾಟಿಗಳನ್ನು ನೋಡುತ್ತಿರಲಿಲ್ಲ. ಅವಳು ಮಕ್ಕಳ ಕೈ ನೋಡುತ್ತಿದ್ದಳು. ಮೂವರ ಒಂದು ಅಂಗೈ ಪಟ್ಟಿಯ ಮೇಲಿತ್ತು, ಬರೆದು ಮುಗಿಸಿದ ಕೈಯ ಬೆರಳುಗಳು ಮೇಜಿನ ಅಂಚನ್ನು ಕೆಳಗಿನಿಂದ ಹಿಡಿದಿದ್ದವು. ಆ ಹಿಡಿತ ಅವಳಿಗೆ ಗೊತ್ತು. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ನೋಡುವ ಹಿಡಿತ ಅದು. ಮೂವರ ಕಣ್ಣೂ ಗಾಜಿನಾಚೆ ನಾಲ್ಕನೆಯ ಗೂಡಿನ ಮೇಲಿದ್ದವು. ಕೈಸನ್ನೆ ಇಲ್ಲ, ಬಾಯಿಸನ್ನೆ ಇಲ್ಲ, ಸುಮ್ಮನೆ ನೋಡುತ್ತಿದ್ದರು ಅಷ್ಟೇ.

ನಾಲ್ಕನೆಯ ಗೂಡಿನಲ್ಲಿ ಸಾಬಮ್ಮ ಒಂದು ತ್ರಿಕೋನ ಹರಿದು ಜೋಡಿಸಿದಳು. ನೇರ ಗೆರೆ ಬಂತು. ಅವಳು ಬರೆಯಲಿಲ್ಲ. ಎರಡನೆಯದನ್ನು ಹರಿದಳು. ಅದೂ ನೇರ. ಆಗಲೂ ಬರೆಯಲಿಲ್ಲ. ಮೂರನೆಯದನ್ನು ಹರಿಯುವ ಮುಂಚೆ ಬಹಳ ಹೊತ್ತು ಯೋಚಿಸಿದಳು. ಅದೂ ನೇರವಾದ ಮೇಲೆ, ಪಾಟಿಯ ಜೊತೆ ಬಂದ ಖಾಲಿ ಹಾಳೆಯಿಂದ ತಾನೇ ಒಂದು ನಾಲ್ಕನೆಯ ತ್ರಿಕೋನ ಹರಿದುಕೊಂಡಳು. ಸೊಟ್ಟಂಬಟ್ಟ, ಉದ್ದನೆಯ, ಯಾರೂ ಪಾಠದಲ್ಲಿ ಕೊಡದಂಥ ಒಂದು ತ್ರಿಕೋನ. ಅದರ ಮೂಲೆಗಳನ್ನೂ ಕಿತ್ತು ಜೋಡಿಸಿದಳು.

"ಅವಳು ಯಾಕೆ ಇಷ್ಟು ನಿಧಾನ?" ಎಂದಳು ಮೇದಿನಿ ಪಿಸುದನಿಯಲ್ಲಿ.

"ನಿಧಾನಲ್ಲರಿ," ಎಂದಳು ಜಗದೇವಿ. ಹೇಳುವಾಗ ಅವಳಿಗೂ ಆಗಷ್ಟೇ ತಿಳಿಯುತ್ತಿತ್ತು. "ನೀವು 'ಎಲ್ಲಾ ತ್ರಿಕೋನಕ್ಕೂ' ಅಂತ ಕೇಳೀರಿ. ಉಳಿದವ್ರು ಒಂದೆರಡು ನೋಡಿ ಹೂಂ ಅಂದ್ರು. ಇಕಿ ತಾ ಪೂರಾ ನೋಡೋತನ ನಂಬಂಗಿಲ್ಲ."

ಹನ್ನೊಂದನೆಯ ನಿಮಿಷಕ್ಕೆ ಸಾಬಮ್ಮ ಉತ್ತರ ಬರೆದು ತಲೆ ಎತ್ತಿದಳು. ಮುಖದ ತುಂಬ ನಗು. ಗಾಜಿನ ಗೂಡಿನೊಳಗೆ ಅವಳ ತುಟಿ ಅಲುಗಿತು; ಏನೆಂದಳೋ ಯಾರಿಗೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನಾಲ್ಕು ಗೂಡಿನಲ್ಲಿ ನಾಲ್ಕು ದೀಪ ಒಟ್ಟಿಗೆ ಹೊತ್ತಿದವು. ಮೂರು ಕೈ ಮೇಜಿನ ಅಂಚು ಬಿಟ್ಟವು.

ತಂತ್ರಜ್ಞ ತಲೆ ಕೆರೆದುಕೊಂಡ. ಮೇದಿನಿ ಮಿಡಿತದ ಗೆರೆಗಳನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು.

"ರೇಷ್ಮಾಗೆ ಎರಡನೇ ನಿಮಿಷಕ್ಕೆ ಗೊತ್ತಾಗಿದೆ," ಎಂದಳು ತನ್ನಷ್ಟಕ್ಕೆ. "ಗೊತ್ತಾಗಿದ್ರೂ ಒಂಬತ್ತು ನಿಮಿಷ ಆ ಹುಡುಗಿ ಉಸಿರು ಬಿಟ್ಟಿಲ್ಲ. ಯಾಕೆ?"

ಜಗದೇವಿ ಪರಸಿಯ ಕಥೆ ಹೇಳಿದಳು. ಮಧ್ಯಾಹ್ನದ ಮೇಜು, 'ನಂದು ಇಳೀತು' ಎಂಬ ಕೂಗು, ಅಪ್ಪನ ಮೂರು ಬೆರಳು, ಎಲ್ಲವನ್ನೂ. "ನಮ್ಮ ಮಕ್ಕಳಿಗೆ ತಿಳಿಯೋದು ಬ್ಯಾರೆ, ಹಗುರಾಗೋದು ಬ್ಯಾರೆ ಇರಬೇಕರಿ. ನಿಮ್ಮ ಪಾಟಿ ಹಗುರಾಗೋದ ನೋಡ್ತದ. ಬಾಜೂದವಂದು ಇಳೀಲಿಲ್ಲಂದ್ರ ಇವ್ರ ಮೈ ಹಗುರಾಗಂಗಿಲ್ಲ. ನಾ ಕಲಿಸಿದ್ದಲ್ಲ ಇದು. ನನಗೂ ಈಗೇ ತಿಳೀತು."

ಮೇದಿನಿ ತನ್ನ ಮುಂದಿದ್ದ ಕಡತವನ್ನು ಮುಚ್ಚಿದಳು. ಆಮೇಲೆ, "ತಿದ್ದಿರೋ ಆರೋಪ ಇವತ್ತೇ ಕೈ ಬಿಡ್ತೀನಿ, ಕ್ಷಮಿಸಿ," ಎಂದಳು. "ಆದ್ರೆ ನಿಯಮ ನಿಮಿಷದ ಲೆಕ್ಕ ಕೇಳತ್ತೆ ಟೀಚರ್. ಹನ್ನೊಂದು ಅಂದ್ರೆ ಹನ್ನೊಂದೇ. ಕಾರಣ ಎಷ್ಟು ಚೆನ್ನಾಗಿದ್ರೂ ಪರದೆ ಪಾಠದ ಪಟ್ಟಿಯಿಂದ ನಿಮ್ಮ ಶಾಲೇನ ತೆಗೆಯೋಕೆ ನನಗೆ ಒಂದು ಅಂಕಿ ಬೇಕು. ಮನಸ್ಸು ಕರಗಿತು ಅಂತ ಬರೆಯೋಕಾಗಲ್ಲ."

ಜಗದೇವಿ ಗೋಡೆಯ ಮೇಲಿನ ಚೌಕಗಳನ್ನು ನೋಡಿದಳು. ಹಸಿರು, ಹಸಿರು, ಹಸಿರು. ಕಣ್ಣಿಗೆ ಹಬ್ಬ. ಆದರೆ ಶಿಕ್ಷಕಿಯ ಕಣ್ಣು ಬರೆದ ಉತ್ತರಕ್ಕಿಂತ ಮುಂಚೆ ಬಿಟ್ಟ ಜಾಗವನ್ನು ನೋಡುತ್ತದೆ. ಮೂವತ್ತು ವರ್ಷದ ಚಾಳಿ ಅದು.

"ಮೇಡಂ, ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ದೀಪ ಎಷ್ಟು ಲಗೂ ಹೊತ್ತಿತು ಅಂತ ಲೆಕ್ಕ ಇಟ್ಟೀರಿ. ಪಾಠ ಮುಗಿದ ಮ್ಯಾಗ ಹೊತ್ತಲಾರದ ಉಳಿದಿದ್ದು ಎಷ್ಟು ಅಂತ ಲೆಕ್ಕ ಅದೇನ್ರಿ?"

ಮೇದಿನಿ ಅವಳನ್ನೇ ನೋಡಿದಳು. "ಅದನ್ನ ಯಾರೂ ಕೇಳಿಲ್ಲ," ಎಂದಳು ನಿಧಾನಕ್ಕೆ. "ಐದರಲ್ಲಿ ನಾಲ್ಕು ಹೊತ್ತಿದ ಕೂಡ್ಲೇ ಗಂಟೆ ಆಗತ್ತೆ. ಆಮೇಲೆ ಮುಂದಿನ ವಿಷಯ." ಅವಳ ಬೆರಳು ಕೀಲಿಗಳ ಮೇಲೆ ಓಡಿತು. ಮೂರು ತಿಂಗಳ ದಾಖಲೆಯೆಲ್ಲ ಅಲ್ಲೇ ಇತ್ತು. ಕೇಳುವವರಿರಲಿಲ್ಲ, ಅಷ್ಟೇ.

ಪರದೆಯ ಮೇಲೆ ಹೊಸ ಪಟ್ಟಿ ಮೂಡಿತು. ಕೇಂದ್ರವೇ ಮಾದರಿ ಎಂದು ಹೊಗಳಿದ ಶಾಲೆ, ಸರಾಸರಿ ಮೂರು ನಿಮಿಷ. ಹೊತ್ತದೆ ಉಳಿದ ದೀಪ, ನೂರಕ್ಕೆ ಹತ್ತೊಂಬತ್ತು. ಅದರ ಕೆಳಗಿನದು ಹದಿನೇಳು. ಅದರ ಕೆಳಗಿನದು ಹದಿನೆಂಟು. ಮೇದಿನಿ ಮಾದರಿ ಶಾಲೆಯ ಚೌಕವನ್ನು ದೊಡ್ಡದು ಮಾಡಿ ಒಂದೊಂದು ದಿನವನ್ನೂ ತೆರೆದು ನೋಡಿದಳು. ಜೂನ್, ಜುಲೈ, ಆಗಸ್ಟ್. ಕತ್ತಲೆಯ ಚುಕ್ಕೆಗಳು ಜಾಗ ಬದಲಾಯಿಸಿರಲಿಲ್ಲ. ಹೆಚ್ಚುಕಡಿಮೆ ದಿನವೂ ಅವೇ ಪಾಟಿಗಳು, ಅವೇ ಮಕ್ಕಳು. ಗಂಟೆ ಬಾರಿಸಿ, ಬಾರಿಸಿ, ಎಲ್ಲರೂ ಅವರನ್ನು ಬಿಟ್ಟು ಮುಂದೆ ಹೋಗಿದ್ದರು.

"ಪರಸಿಹಾಳದ್ದು ತೆಗೀರಿ," ಎಂದಳು ಜಗದೇವಿ. ಇದೊಂದು ಅಂಕಿಯ ಮೇಲೆ ತನ್ನ ಶಾಲೆ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು.

ಸೊನ್ನೆ.

ಮೇದಿನಿ ಕೆಳಗೆ ಸರಿಸಿದಳು. ಸೊನ್ನೆ, ಸೊನ್ನೆ, ಸೊನ್ನೆ. ಕನ್ನಡ, ಗಣಿತ, ವಿಜ್ಞಾನ, ಮೂರು ತಿಂಗಳ ಪ್ರತಿಯೊಂದು ವಿಷಯಕ್ಕೂ ಸೊನ್ನೆ. ಮೂವತ್ತು ವರ್ಷ ಮಕ್ಕಳ ಪಟ್ಟಿಯಲ್ಲಿ ಸೊನ್ನೆ ಕಂಡರೆ ಸಂಕಟಪಡುತ್ತಿದ್ದ ಜಗದೇವಿಗೆ, ಸೊನ್ನೆ ನೋಡಿ ಎದೆ ಉಬ್ಬಿದ್ದು ಅದೇ ಮೊದಲು. ಅಲ್ಲಿದ್ದವರೆಲ್ಲ ನೋಡಲಿ ಎಂದು ಅವಳು ಕುರ್ಚಿಯಿಂದ ಎದ್ದು ನಿಂತಳು.

ಮೇದಿನಿ ಕನ್ನಡಕ ತೆಗೆದು ಒರೆಸಿಕೊಂಡಳು. ಒರೆಸಬೇಕಾಗಿದ್ದುದು ಕನ್ನಡಕವಲ್ಲ. "ಆ ಕೊನೇ ಬೆಂಚಿನ ಹುಡುಗೀಗೋಸ್ಕರ ಮಾಡಿದ್ದು ಅಂದೆನಲ್ಲ," ಎಂದಳು. "ಅವಳ ದೀಪ ಹೊತ್ತಿಲ್ಲ ಅನ್ನೋದು ಮೂರು ತಿಂಗಳಿಂದ ಈ ಗೋಡೆ ಮೇಲೇ ಇತ್ತು. ನಾನು ನಿಮಿಷ ಎಣಿಸ್ತಾ ಕೂತಿದ್ದೆ."

"ಪಾಟಿ ಸುಳ್ಳು ಹೇಳಿಲ್ಲರಿ ಮೇಡಂ," ಎಂದಳು ಜಗದೇವಿ. ಆಗ ಅವಳಿಗೆ ಸಿಟ್ಟು ಎಳ್ಳಷ್ಟೂ ಉಳಿದಿರಲಿಲ್ಲ. "ಪಾಟಿ ಛಲೋ ಅದ. ನಮ್ಮ ಸಾಲ್ಯಾಗ ಇರಲಿ ಅದು. ಗಂಟಿ ಹೊಡಿಯೋ ಪೆಟ್ಟಿಗಿ ಒಂದು ತಗೊಂಡ ಹೋಗ್ರಿ."

ಸಂಜೆ ಊರಿಗೆ ಬಂದಿಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಕೋಲೂರಿಕೊಂಡು ನಿಂತಿದ್ದ. ಏನಾಯಿತೆಂದು ಅವನು ಕೇಳಬೇಕಾಗಲಿಲ್ಲ. ಸಾಬಮ್ಮ ಬಸ್ಸಿನ ಮೆಟ್ಟಿಲಿನಿಂದಲೇ ಕೂಗಿದಳು: "ಮುತ್ಯಾ, ನಮ್ ಸಾಲಿ ಸೊನ್ನಿ ತಗೊಂಡಾದ!" ಮುದುಕ ಗಾಬರಿಯಾಗಿ ಮಗಳ ಮುಖ ನೋಡಿದ. ಮಗಳು ನಗುತ್ತಿದ್ದಳು. ಇಡೀ ಕಥೆ ಕೇಳಿದ ಮೇಲೆ ಅವನು ತನ್ನ ಎಡಗಾಲನ್ನು ಒಂದು ಸಲ ಮುಂದೆ ಚಾಚಿ, ಬಂದವರಿಗೆಲ್ಲ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತ. ಆ ಕಾಲನ್ನು ಅವನು ಅಷ್ಟು ಠೀವಿಯಿಂದ ತೋರಿಸಿದ್ದನ್ನು ಜಗದೇವಿ ಹಿಂದೆಂದೂ ಕಂಡಿರಲಿಲ್ಲ.

ನವೆಂಬರಿನಲ್ಲಿ ಹೊಸ ಆದೇಶ ಬಂತು. ನಿಮಿಷದ ಕಾಲಂ ಹಾಗೆಯೇ ಇರುತ್ತದೆ, ಸರ್ಕಾರದ ಕಾಲಂಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಆದರೆ ಅದರ ಮುಂಚೆ ಇನ್ನೊಂದು ಕಾಲಂ: ಹೊತ್ತದೆ ಉಳಿದ ದೀಪಗಳು. ಅದು ನೂರಕ್ಕೆ ಐದು ದಾಟಿದ ತರಗತಿಯಲ್ಲಿ ಗಂಟೆ ಬಾರಿಸುವಂತಿಲ್ಲ, ಸೊನ್ನೆ ಇದ್ದ ಕಡೆ ಪರದೆ ಪಾಠ ತರುವಂತಿಲ್ಲ. ಪರಸಿಹಾಳದ ಹೆಸರು ಪಟ್ಟಿಯಿಂದ ಹೊರಬಂತು. ಜಗದೇವಿ ಆದೇಶವನ್ನು ಓದಿ ಮಡಚಿ, ಕನ್ನಡ ಪಾಠಕ್ಕೆ ಹೊರಟಳು.

ಅದಾದ ಮರುವಾರ ಮೇದಿನಿ ಹೇಳದೆ ಕೇಳದೆ ಶಾಲೆಗೆ ಬಂದಳು. ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಮಕ್ಕಳು ಪರಸಿಗಳನ್ನು ಗೋಡೆಗೆ ಸರಿಸುತ್ತಿದ್ದರು. ಸಾಬಮ್ಮನ ಪರಸಿಯ ಮಲ್ಕಪ್ಪ ಅಂದು ರಜೆ, ಒಂದು ಮೂಲೆ ಖಾಲಿ ಇತ್ತು. "ನಾನು ಹಿಡೀಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೇದಿನಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ನಾಲ್ವರು ಎತ್ತಿದರು, ನಾಲ್ವರು ನಡೆದರು, ಇಟ್ಟಿಗೆಗಳ ಮೇಲೆ ಇಳಿಸಿದರು.

"ನಂದು ಇಳೀತು," ಎಂದಳು ರೇಷ್ಮಾ.

"ನಂದೂ ಇಳೀತು," ಎಂದಳು ಶಿವಲೀಲಾ.

ಮೇದಿನಿ ತನ್ನ ಮೂಲೆ ಕೂತದ್ದು ಕಂಡು ಸಮಾಧಾನದಿಂದ ಉಸಿರು ಬಿಡುತ್ತ ಕೈ ಸಡಿಲಿಸಿದಳು. ಪರಸಿ ಒಂದು ಚೂರು ಅಲುಗಿತು.

"ಏ ಮೇಡಂ!" ಸಾಬಮ್ಮ ಗದರಿದಳು. "ಬಿಡಬ್ಯಾಡ್ರಿ! ನನ್ನ ಕೈ ಇನ್ನಾ ಬುಡಕದಾಗ ಅದ!"

ಅರಿವು ಕೇಂದ್ರದ ಮುಖ್ಯಸ್ಥೆ ಗಾಬರಿಯಿಂದ ಕಲ್ಲನ್ನು ತಿರುಗಿ ಹಿಡಿದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಜಗದೇವಿ ಸಹಾಯಕ್ಕೆ ಹೋಗಲಿಲ್ಲ. ತನ್ನ ಶಾಲೆಯಲ್ಲಿ ಪಾಠ ನಡೆಯುತ್ತಿರುವಾಗ ನಡುವೆ ಬಾಯಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ಸಾಬಮ್ಮ ಒಂದೊಂದಾಗಿ ಬೆರಳು ಬಿಡಿಸಿಕೊಂಡು, ಲಂಗಕ್ಕೆ ಕೈ ಒರೆಸಿಕೊಂಡು, ಗತ್ತಿನಿಂದ ಹೇಳಿದಳು:

"ಹಾಂ, ಈಗ ಇಳೀತು. ಬಿಡ್ರಿ."